ಯಜಮಾನನಿಲ್ಲ ಎಂದವರಾರು?

ಪೋಸ್ಟ್ ತೆಗೆಯುವಂತೆ ಸರ್ಕಾರ ಆದೇಶ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಾರ್ಪ್ ಸಲ್ಲಿಸಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್ ವಜಾ ಮಾಡಿದಾಗಿನಿಂದ ಹಳೆಯ ಸಲಹೆಯೊಂದಕ್ಕೆ ಮತ್ತೆ ಜೀವ ಬಂದಿದೆ. ಎಕ್ಸ್ ಬಿಟ್ಟು ಮ್ಯಾಸ್ಟೊಡಾನ್‌ಗೆ ಬನ್ನಿ, ರೆಡಿಟ್ ಬಿಟ್ಟು ಲೆಮ್ಮಿಗೆ ಬನ್ನಿ. ಇವು ಯಾರು ಬೇಕಾದರೂ ನಡೆಸಬಹುದಾದ ಸರ್ವರ್‌ಗಳ ಒಕ್ಕೂಟದ ಜಾಲಗಳು, ಅಲ್ಲಿ ಯಜಮಾನನೇ ಇಲ್ಲ, ಸರ್ಕಾರ ಯಾರ ಬಾಗಿಲು ಬಡಿದೀತು? ಬಾಗಿಲು ಇದೆ ಸ್ವಾಮಿ. ಕಂಪನಿಯ ಬಾಗಿಲಿಗಿಂತ ಬೇಗ ಮುರಿಯುತ್ತದೆ, ಅಷ್ಟೇ.

ಈ ಸಲಹೆಗಾರರು ನೆಚ್ಚಿಕೊಂಡಿರುವುದು ಐಟಿ ನಿಯಮಗಳಲ್ಲಿರುವ 50 ಲಕ್ಷ ಎಂಬ ಅಂಕಿಯನ್ನು. ನೋಂದಾಯಿತ ಬಳಕೆದಾರರು ಅಷ್ಟು ದಾಟದಿದ್ದರೆ ಭಾರತದಲ್ಲೇ ನೆಲೆಸಿದ ಅನುಪಾಲನಾ ಅಧಿಕಾರಿ ಬೇಡ, ತಿಂಗಳ ವರದಿ ಬೇಡ. ನಿಜ. ಆದರೆ ನೋಡಬೇಕಾದ ಅಂಕಿ 3. ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದ ಮೇಲೆ ಪೋಸ್ಟ್ ತೆಗೆಯಲು 2021ರಲ್ಲಿ 36 ಗಂಟೆ ಕೊಟ್ಟಿದ್ದರು. 2026ರ ಫೆಬ್ರುವರಿ 20ರಿಂದ ಅದು 3 ಗಂಟೆ. ಇದಕ್ಕೆ ಬಳಕೆದಾರರ ಲೆಕ್ಕವಿಲ್ಲ. ಐಟಿ ಕಾಯ್ದೆಯ ಕಣ್ಣಿನಲ್ಲಿ ಬೇರೆಯವರ ಮಾಹಿತಿ ಇಟ್ಟುಕೊಂಡವರೆಲ್ಲ ಮಧ್ಯವರ್ತಿಗಳೇ. ಹಗಲು ಕಂಪನಿಯಲ್ಲಿ ದುಡಿದು, ರಾತ್ರಿ ನೂರಿನ್ನೂರು ಜನರ ಸರ್ವರ್ ನೋಡಿಕೊಳ್ಳುವ ಹುಡುಗನೂ ಮಧ್ಯವರ್ತಿ. ಅವನು ನಿದ್ದೆಯಲ್ಲಿದ್ದಾಗ ಇಮೇಲ್ ಬಂದರೆ ಏಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಎಕ್ಸ್‌ಗೆ ವಾದಿಸಲು ಹಿರಿಯ ವಕೀಲರಿದ್ದರು, ಇವನಿಗೆ ಯಾರು? ಸರ್ವರ್ ವಿದೇಶದಲ್ಲಿದ್ದರೆ ಇನ್ನೂ ಸಲೀಸು, ಇಡೀ ತಾಣಕ್ಕೇ ತಡೆ ಹಾಕಿದರಾಯಿತು.

ಸರ್ಕಾರ ಬರಲೇಬೇಕೆಂದೂ ಇಲ್ಲ. ಲೆಮ್ಮಿಯ ದೊಡ್ಡ ಸರ್ವರ್‌ಗಳಲ್ಲೊಂದಾದ ಲೆಮ್.ಈ 2025ರ ಜೂನ್ ಕೊನೆಗೆ ಮುಚ್ಚಿತು. ಯಾವ ನೋಟಿಸೂ ಬಂದಿರಲಿಲ್ಲ, ನಿರ್ವಾಹಕರು ದಣಿದಿದ್ದರು, ನೊಗಕ್ಕೆ ಹೆಗಲು ಕೊಡುವವರು ಸಿಗಲಿಲ್ಲ. ಹೊಸಬರಿಗೆ ಯಾರೂ ಹೇಳದ ಮಾತು ಇದು: ಇಲ್ಲಿ ಖಾತೆಯ ಹೆಸರಿನ ಬಾಲಕ್ಕೇ ಸರ್ವರ್‌ನ ಹೆಸರು ಅಂಟಿಕೊಂಡಿರುತ್ತದೆ. ಸರ್ವರ್ ಹೋದರೆ ವಿಳಾಸವೂ ಹೋಯಿತು. ಮ್ಯಾಸ್ಟೊಡಾನ್‌ನಲ್ಲಿ ಮೊದಲೇ ಎಚ್ಚೆತ್ತು ಬೇರೆಡೆಗೆ ಹೋದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದದ್ದು ಬರುವುದಿಲ್ಲ. ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ (ಇಂದಿನ ಎಕ್ಸ್) ಅಮಾನತು ಮಾಡಿದಾಗ, 2019ರಲ್ಲಿ, ಮ್ಯಾಸ್ಟೊಡಾನ್‌ಗೆ ಗುಳೆ ಎದ್ದವರಲ್ಲಿ ಎಷ್ಟು ಮಂದಿ ಸರ್ವರ್ ನಡೆಸುವವರು ಯಾರೆಂದು ವಿಚಾರಿಸಿದ್ದರು?

ಹಾಗೆಂದು ಒಕ್ಕೂಟದ ಜಾಲವೇ ಬೇಡ ಎನ್ನುತ್ತಿಲ್ಲ. ಜರ್ಮನಿಯಲ್ಲಿ ಡೇಟಾ ಸಂರಕ್ಷಣಾ ಆಯುಕ್ತರ ಕಚೇರಿಯೇ ಇಲಾಖೆಗಳಿಗಾಗಿ ಮ್ಯಾಸ್ಟೊಡಾನ್ ಸರ್ವರ್ ತೆರೆಯಿತು. ನಮ್ಮಲ್ಲಿ ಸರ್ಕಾರಿ ಸರ್ವರ್‌ನಲ್ಲಿ ಕೂತು ಸರ್ಕಾರವನ್ನು ಟೀಕಿಸುವ ಧೈರ್ಯ ಯಾರಿಗಿದೆ, ಬಿಡಿ. ನನಗೆ ಒಪ್ಪಿಗೆಯಾಗುವುದು ಸೋಷಿಯಲ್.ಕೋಆಪ್ ಮಾದರಿ. ಸದಸ್ಯರೇ ವಂತಿಗೆ ಕೊಟ್ಟು, ಸದಸ್ಯರೇ ತೀರ್ಮಾನಿಸಿ ನಡೆಸುವ ಮ್ಯಾಸ್ಟೊಡಾನ್ ಸರ್ವರ್ ಅದು. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರಿಗೆ ಈ ವ್ಯವಹಾರ ಹೊಸದೇನಲ್ಲ. ಷೇರು ಹಣದಲ್ಲಿ ಪಾಳಿಯ ಮೇಲೆ ಸಂಬಳದ ಸಿಬ್ಬಂದಿ, ಕರೆದರೆ ಬರುವ ಒಬ್ಬ ವಕೀಲ: ಇಷ್ಟಾದರೂ ಇಲ್ಲದೆ 3 ಗಂಟೆಯ ಗಡುವಿಗೆ ಉತ್ತರ ಕೊಡಲಾಗದು. ಪುಕ್ಕಟೆ ಖಾತೆಯೇ ಬೇಕೆನ್ನುವವರು ಎಕ್ಸ್‌ನಲ್ಲೇ ಇರಲಿ.