ಮಾರುವ ಕೈಯೂ ಅದೇ, ಮುದ್ರೆ ಒತ್ತುವ ಕೈಯೂ ಅದೇ

ಚುನಾವಣೆಯ ದಿನಾಂಕ ಪ್ರಕಟವಾಗಿ ನೀತಿಸಂಹಿತೆ ಜಾರಿಗೆ ಬಂದೊಡನೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಪರವಾನಗಿ ಬಂದೂಕುಗಳು ಪೊಲೀಸ್ ಠಾಣೆಯ ದಾರಿ ಹಿಡಿಯಬೇಕಾಗುತ್ತದೆ. ರಾಜ್ಯದ ಉಳಿದೆಡೆಯೂ ಇದೇ ಪದ್ಧತಿ. ಆದರೆ ಗೋಕಾಕದ ಮಟ್ಟಿಗೆ ಇದು ವರ್ಷಕ್ಕೊಮ್ಮೆಯ ವಾಡಿಕೆಯೇ ಆಗಿಹೋಗಿತ್ತು. 2018ರ ಮೇ ತಿಂಗಳಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಅದೇ ವರ್ಷದ ಡಿಸೆಂಬರ್ 5ರಂದು ವಿಧಾನಸಭಾ ಉಪಚುನಾವಣೆ, 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ, 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಉಪಚುನಾವಣೆ, 2023ರ ಮೇ 10ರಂದು ಮತ್ತೆ ವಿಧಾನಸಭೆ, 2024ರ ಮೇ 7ರಂದು ಮತ್ತೆ ಲೋಕಸಭೆ. ಆರು ವರ್ಷಗಳಲ್ಲಿ ಅಲ್ಲಿನ ಗ್ರಾಮೀಣ ಮತದಾರ ಏಳು ಬಾರಿ ಮತಗಟ್ಟೆಗೆ ಹೋಗಿಬಂದ.

ಹೀಗೆ ಠಾಣೆ ಸೇರುವ ಬಂದೂಕುಗಳ ಪೈಕಿ ಸರ್ಕಾರದ ಕಾರ್ಖಾನೆಯಲ್ಲೇ ತಯಾರಾದವೂ ಇರುತ್ತವೆ. ಸರ್ಕಾರವೇ ತಯಾರಿಸಿ ಮಾರಿದ್ದನ್ನು ಸರ್ಕಾರವೇ ಪರವಾನಗಿ ನೀಡಿ ಇಟ್ಟುಕೊಳ್ಳಗೊಡುತ್ತದೆ, ಬೇಕೆಂದಾಗ ಸರ್ಕಾರವೇ ಇಳಿಸಿಕೊಳ್ಳುತ್ತದೆ. ತಯಾರಕ ಸಂಸ್ಥೆ ಸರ್ಕಾರದ ಇಲಾಖೆಯಾಗಿದ್ದಷ್ಟು ಕಾಲ ಈ ವೈರುಧ್ಯ ಯಾರ ಕಣ್ಣಿಗೂ ಬೀಳಲಿಲ್ಲ. 2021ರಲ್ಲಿ ಆ ಇಲಾಖೆ ಲಾಭನಷ್ಟದ ಲೆಕ್ಕ ಕೊಡಬೇಕಾದ ಕಂಪನಿಯಾಯಿತು. ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಕಾಸಿಪುರದಿಂದ ಕಾನ್ಪುರಕ್ಕೆ

ಭಾರತದ ಯುದ್ಧೋಪಕರಣ ಕಾರ್ಖಾನೆಗಳ ಮೂಲ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದೆ. 1775ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಯುದ್ಧೋಪಕರಣ ಮಂಡಳಿ ಸ್ಥಾಪನೆಯಾಯಿತು. 1787ರಲ್ಲಿ ಇಛಾಪುರದಲ್ಲಿ ಸಿಡಿಮದ್ದಿನ ಕಾರ್ಖಾನೆಗೆ ಅಡಿಪಾಯ ಬಿತ್ತು. 1801ರಲ್ಲಿ ಕಾಸಿಪುರದಲ್ಲಿ ಫಿರಂಗಿ ಗಾಡಿಗಳ ಕಾರ್ಖಾನೆ ಆರಂಭವಾಗಿ, 1802ರ ಮಾರ್ಚ್ 18ರಂದು ಉತ್ಪಾದನೆ ಶುರುವಾಯಿತು. ಆ ದಿನವನ್ನೇ ಇಂದಿಗೂ ಯುದ್ಧೋಪಕರಣ ಕಾರ್ಖಾನೆಗಳ ದಿನವೆಂದು ಆಚರಿಸಲಾಗುತ್ತದೆ. ಬೆಳಗಾವಿ ಸೀಮೆಗೆ ಹತ್ತಿರವಾದ ಪುಣೆಯ ಖಡಕಿಯಲ್ಲಿ ಮದ್ದುಗುಂಡು ಕಾರ್ಖಾನೆ ತಲೆಯೆತ್ತಿದ್ದು 1869ರಲ್ಲಿ. ಇಛಾಪುರದ ಹಳೆಯ ಸಿಡಿಮದ್ದಿನ ನೆಲದಲ್ಲಿ 1904ರ ಹೊತ್ತಿಗೆ ರೈಫಲ್ ಕಾರ್ಖಾನೆ ಕೆಲಸ ಆರಂಭಿಸಿತ್ತು.

ಸ್ವಾತಂತ್ರ್ಯಾನಂತರ ಕಾರ್ಖಾನೆಗಳ ಸಂಖ್ಯೆ ಹೆಚ್ಚುತ್ತ ಹೋಗಿ 41ಕ್ಕೆ ಮುಟ್ಟಿತು. 1979ರಲ್ಲಿ ಇವುಗಳ ಆಡಳಿತಕ್ಕೆಂದು ಯುದ್ಧೋಪಕರಣ ಕಾರ್ಖಾನೆ ಮಂಡಳಿ ರಚನೆಯಾಯಿತು. ಇವುಗಳಲ್ಲಿ ಒಂದೂ ಕರ್ನಾಟಕದಲ್ಲಿಲ್ಲ ಎಂಬುದು ಗಮನಾರ್ಹ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳಂತಹ ರಕ್ಷಣಾ ಉದ್ದಿಮೆಗಳು ಬೆಂಗಳೂರನ್ನು ಬೆಳೆಸಿದವು. ಬಂದೂಕು ಮತ್ತು ಮದ್ದುಗುಂಡಿನ ಕಾರ್ಖಾನೆಗಳು ಮಾತ್ರ ಬಂಗಾಳ, ಉತ್ತರ ಪ್ರದೇಶ, ಮಧ್ಯಪ್ರದೇಶ, ಮಹಾರಾಷ್ಟ್ರ, ತಮಿಳುನಾಡು ಮೊದಲಾದ ರಾಜ್ಯಗಳಲ್ಲೇ ಉಳಿದವು. ಗೋಕಾಕ ಸೀಮೆಗೆ ಈ ಸಂಸ್ಥೆಯ ಪರಿಚಯ ನೌಕರಿಯ ಮೂಲಕ ಆದದ್ದಲ್ಲ. ಜೋಡು ನಳಿಗೆಯ ಬಂದೂಕು, ಅದಕ್ಕೆ ಬೇಕಾದ ತೋಟಾ, ಇವುಗಳ ಮೂಲಕ ಆದದ್ದು.

ಹಲಗಲಿ ಕಲಿಸಿದ ಪಾಠ

ವಸಾಹತು ಸರ್ಕಾರ ಒಂದು ಕೈಯಲ್ಲಿ ಶಸ್ತ್ರ ತಯಾರಿಸುತ್ತಿದ್ದರೆ, ಇನ್ನೊಂದು ಕೈಯಲ್ಲಿ ಪ್ರಜೆಗಳ ಶಸ್ತ್ರ ಕಿತ್ತುಕೊಳ್ಳುತ್ತಿತ್ತು. ಇದರ ಕಹಿ ಅನುಭವ ಮೂಡಲಗಿಯ ಪೂರ್ವಕ್ಕಿರುವ ಮುಧೋಳ ಸೀಮೆಗೆ ಆದಷ್ಟು ಬೇರೆಡೆ ಆಗಿರಲಾರದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲು ಹಲಗಲಿಯ ಬೇಡರು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೇನೆ ಊರಿನ ಮೇಲೆ ಎರಗಿತು. ಬಂಧಿತರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಆ ಘಟನೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು.

1878ರಲ್ಲಿ ವೈಸರಾಯ್ ಲಿಟನ್ನನ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಪದ್ಧತಿಯನ್ನು ದೇಶವ್ಯಾಪಿಯಾಗಿ ಗಟ್ಟಿಗೊಳಿಸಿತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ರೂಪಿಸಿತಾದರೂ ಪರವಾನಗಿಯ ಚೌಕಟ್ಟನ್ನು ಕೈಬಿಡಲಿಲ್ಲ. ಕೊಡಗಿನ ಸಂಪ್ರದಾಯಕ್ಕೆ ಮಾತ್ರ ರಿಯಾಯಿತಿ ಮುಂದುವರಿಯಿತು. ಕೊಡವ ಜನಾಂಗದವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಿದೆ. ಬೆಳಗಾವಿಯ ರೈತನಿಗೆ ಅಂಥ ರಿಯಾಯಿತಿಯಿಲ್ಲ. ಅವನು ಅರ್ಜಿ ಹಾಕಬೇಕು, ಪೊಲೀಸ್ ವರದಿಗೆ ಕಾಯಬೇಕು, ಜಿಲ್ಲಾ ದಂಡಾಧಿಕಾರಿಯ ಮುದ್ರೆ ಪಡೆಯಬೇಕು. 2016ರ ನಿಯಮಗಳು ಬಂದೂಕು ಬಳಕೆಯ ಸುರಕ್ಷತಾ ತರಬೇತಿಯನ್ನೂ ಸೇರಿಸಿವೆ.

ಈ ಕಟ್ಟುನಿಟ್ಟು ಅನಗತ್ಯವೆಂದು ಹೇಳಲಾಗದು. ಮನೆಯಲ್ಲಿರುವ ಬಂದೂಕು ಜಮೀನಿನ ಬದುವಿನ ಜಗಳಕ್ಕೂ, ದಾಯಾದಿ ವೈಷಮ್ಯಕ್ಕೂ, ಆತ್ಮಹತ್ಯೆಗೂ ಒದಗಿಬರುವ ಅಪಾಯ ಇದ್ದೇ ಇದೆ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದೊಂದೇ ಅದರಲ್ಲಿ ಪರವಾನಗಿದಾರನಿಗೆ ದೊರೆತ ಸಮಾಧಾನ. ಒಟ್ಟಿನಲ್ಲಿ ಕಾನೂನಿನ ನಡೆ ಬಂದೂಕುಗಳನ್ನು ಕಡಿಮೆ ಮಾಡುವ ಕಡೆಗಿದೆ.

ಬಿಡುವಿನ ಯಂತ್ರಕ್ಕೆ ಸಿಕ್ಕ ಕೆಲಸ

ಹಾಗಾದರೆ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆ ಬಂದೂಕು ಮಾರತೊಡಗಿದ್ದೇಕೆ? ಯುದ್ಧಕಾಲದ ಬೇಡಿಕೆಗೆಂದು ಕಟ್ಟಿದ ಕಾರ್ಖಾನೆಗೆ ಶಾಂತಿಕಾಲದಲ್ಲಿ ಪೂರ್ತಿ ಕೆಲಸವಿರುವುದಿಲ್ಲ. ಯಂತ್ರವನ್ನೂ ಕುಶಲ ಕಾರ್ಮಿಕನನ್ನೂ ಸುಮ್ಮನೆ ಕೂರಿಸುವಂತಿಲ್ಲ. ಆದ್ದರಿಂದ ಬಿಡುವಿನ ಸಾಮರ್ಥ್ಯವನ್ನು ನಾಗರಿಕ ಉತ್ಪನ್ನಗಳಿಗೆ ತಿರುಗಿಸಲಾಯಿತು. ಕಾನ್ಪುರದ ಲಘು ಶಸ್ತ್ರ ಕಾರ್ಖಾನೆಯಿಂದ .32 ರಿವಾಲ್ವರ್, ಇಛಾಪುರದಿಂದ .315 ಕ್ರೀಡಾ ರೈಫಲ್ ಮತ್ತು 12 ಬೋರ್ ಬಂದೂಕು, ಖಡಕಿಯಿಂದ 12 ಬೋರ್ ತೋಟಾಗಳು ಮಾರುಕಟ್ಟೆಗೆ ಬಂದವು. ಡೇರೆ, ಬೂಟು, ಕಂಬಳಿ, ಸಮವಸ್ತ್ರಗಳೂ ಈ ಕಾರ್ಖಾನೆಗಳ ಉತ್ಪನ್ನಗಳೇ. 2020ರ ಕೋವಿಡ್ ಕಾಲದಲ್ಲಿ ಇವೇ ಕಾರ್ಖಾನೆಗಳು ಮುಖಗವಸು, ರಕ್ಷಣಾ ಉಡುಪು, ಸ್ಯಾನಿಟೈಸರ್‌ಗಳನ್ನು ತಯಾರಿಸಿಕೊಟ್ಟವು.

1980ರ ದಶಕದ ಮಧ್ಯಭಾಗದಲ್ಲಿ ವಿದೇಶಿ ಬಂದೂಕುಗಳ ಆಮದಿಗೆ ಕಡಿವಾಣ ಬಿದ್ದ ಮೇಲೆ ರಿವಾಲ್ವರ್, ಪಿಸ್ತೂಲುಗಳ ನಾಗರಿಕ ಮಾರುಕಟ್ಟೆ ಬಹುಕಾಲ ಸರ್ಕಾರಿ ಕಾರ್ಖಾನೆಗಳ ಏಕಸ್ವಾಮ್ಯದಲ್ಲೇ ಇತ್ತು. ಸ್ಪರ್ಧೆಯಿಲ್ಲದ ಕಡೆ ಬೆಲೆ ಇಳಿಯುವುದಿಲ್ಲ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಮಹಿಳೆಯರ ಆತ್ಮರಕ್ಷಣೆಗೆಂದು ಕಾನ್ಪುರದಿಂದ ಬಿಡುಗಡೆಯಾದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆತ್ಮರಕ್ಷಣೆ ಯಾರಿಗೆ ಹೆಚ್ಚು ಅಗತ್ಯವೋ ಅವರ ಕೈಗೆಟುಕದ ಬೆಲೆ ಅದು ಎಂಬ ಟೀಕೆ ಆಗಲೇ ಕೇಳಿಬಂದಿತ್ತು.

ಕಂಪನಿಯಾದ ಮೇಲೆ

ಮಂಡಳಿಯನ್ನು ಕಂಪನಿಯಾಗಿಸುವ ಸಲಹೆ ಹೊಸದೇನಲ್ಲ. 2000ದ ಟಿ.ಕೆ.ಎ. ನಾಯರ್ ಸಮಿತಿಯಿಂದ ಮೊದಲ್ಗೊಂಡು ವಿಜಯ್ ಕೇಳ್ಕರ್ ಸಮಿತಿ, ರಾಮನ್ ಪುರಿ ಸಮಿತಿ, 2016ರ ಶೇಕಟ್ಕರ್ ಸಮಿತಿಗಳವರೆಗೆ ಹಲವು ವರದಿಗಳು ಈ ಕಾರ್ಖಾನೆಗಳ ಸುಧಾರಣೆಯನ್ನು ಪ್ರತಿಪಾದಿಸಿದ್ದವು. ಪೂರೈಕೆಯ ವಿಳಂಬ ಹಾಗೂ ಗುಣಮಟ್ಟದ ಬಗ್ಗೆ ಮಹಾಲೇಖಪಾಲರ ವರದಿಗಳು ಆಕ್ಷೇಪ ಎತ್ತಿದ್ದವು. 2021ರ ಜೂನ್ 16ರಂದು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ನೌಕರರ ಒಕ್ಕೂಟಗಳು ಮುಷ್ಕರದ ಎಚ್ಚರಿಕೆ ನೀಡಿದಾಗ, ಅಗತ್ಯ ರಕ್ಷಣಾ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಪಡೆದುಕೊಂಡಿತು. ಅಕ್ಟೋಬರ್ 1ರಿಂದ ಮಂಡಳಿ ಇಲ್ಲವಾಗಿ, 41 ಕಾರ್ಖಾನೆಗಳು ಹಾಗೂ ಸುಮಾರು 70 ಸಾವಿರ ನೌಕರರು ಏಳು ಸರ್ಕಾರಿ ಕಂಪನಿಗಳಿಗೆ ಹಂಚಿಹೋದರು.

ಕಾಸಿಪುರ, ಇಛಾಪುರಗಳ ಬಂದೂಕು ಕಾರ್ಖಾನೆಗಳು ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದವು. ಖಡಕಿಯ ಕಾರ್ಖಾನೆ ಪುಣೆಯ ಮ್ಯುನಿಷನ್ಸ್ ಇಂಡಿಯಾದ ಪಾಲಾಯಿತು. ಮೊದಲ ಆರು ತಿಂಗಳಲ್ಲಿ ಏಳರಲ್ಲಿ ಆರು ಕಂಪನಿಗಳು ತಾತ್ಕಾಲಿಕ ಲಾಭ ತೋರಿಸಿದವು. ಅವುಗಳಲ್ಲಿ ಬಂದೂಕಿನ ಕಂಪನಿಯ ಲಾಭವೇ ತೀರ ಕಡಿಮೆ, 4.84 ಕೋಟಿ ರೂಪಾಯಿ.

ಈ ಕಂಪನಿಗಳ ದೊಡ್ಡ ಗಿರಾಕಿ ಇಂದಿಗೂ ಸೇನೆಯೇ. ಹಳೆಯ ಮಂಡಳಿಗೆ ಸೇನೆ ನೀಡಿದ್ದ 65 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಬೇಡಿಕೆಗಳನ್ನು ಗುತ್ತಿಗೆಗಳಾಗಿ ಪರಿವರ್ತಿಸಿ ಇವುಗಳಿಗೆ ಬುನಾದಿ ಹಾಕಿಕೊಡಲಾಯಿತು. ಆದರೆ 2001ರಲ್ಲಿ ರಕ್ಷಣಾ ಉತ್ಪಾದನೆಯ ಬಾಗಿಲು ಖಾಸಗಿಯವರಿಗೆ ತೆರೆದಿದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್‌ನಂತಹ ಖಾಸಗಿ ಸಂಸ್ಥೆಗಳು ರೈಫಲ್ ತಯಾರಿಸುತ್ತಿವೆ. ಸೇನೆಯ ಬೇಡಿಕೆಯಲ್ಲಿ ಏರುಪೇರಾದಾಗ ನಾಗರಿಕ ಮಾರಾಟವನ್ನು ಹೆಚ್ಚಿಸುವ ಒತ್ತಡ ಯಾವ ಕಂಪನಿಗಾದರೂ ಬಂದೇ ಬರುತ್ತದೆ. ಇಲಾಖೆಗೆ ನಾಗರಿಕ ಬಂದೂಕು ಬಿಡುವಿನ ಕೆಲಸವಾಗಿತ್ತು. ಕಂಪನಿಗೆ ಅದು ಆದಾಯದ ಬಾಬ್ತು.

ಇತ್ತ ತೆರಿಗೆಯ ದಿಕ್ಕು ನೋಡಿದರೆ, 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು ಮತ್ತು ರಿವಾಲ್ವರುಗಳ ಮೇಲಿನ ಜಿಎಸ್‌ಟಿಯನ್ನು ಶೇ 28ರಿಂದ ಶೇ 40ಕ್ಕೆ ಏರಿಸಲಾಗಿದೆ. ರಕ್ಷಣಾ ಸಚಿವಾಲಯದ ಕಂಪನಿ ಮಾರಲು ಹೊರಟರೆ, ಗೃಹ ಸಚಿವಾಲಯದ ಕಾನೂನು ತಡೆಯುತ್ತದೆ, ಹಣಕಾಸು ಸಚಿವಾಲಯದ ತೆರಿಗೆ ಹೆದರಿಸುತ್ತದೆ. ಮೂವರೂ ತಮ್ಮ ತಮ್ಮ ಕರ್ತವ್ಯ ಮಾಡುತ್ತಿದ್ದಾರೆ. ನಡುವೆ ನಿಂತವನು ಪರವಾನಗಿದಾರ.

ಮೂರು ತಾಲೂಕುಗಳ ಲೆಕ್ಕಾಚಾರ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಬಂದೂಕಿನ ಅಗತ್ಯ ಮುಖ್ಯವಾಗಿ ಎರಡು ಬಗೆಯದು. ಒಂದು ಬೆಳೆ ರಕ್ಷಣೆ. ಘಟಪ್ರಭೆಯ ನೀರಿನಿಂದ ಕಬ್ಬು, ಗೋವಿನಜೋಳ ಬೆಳೆಯುವ ಹೊಲಗಳಿಗೆ ಕಾಡುಹಂದಿ ನುಗ್ಗಿದರೆ ಒಂದು ರಾತ್ರಿಯಲ್ಲಿ ತಿಂಗಳುಗಳ ದುಡಿಮೆ ಮಣ್ಣುಪಾಲಾಗುತ್ತದೆ. ಎರಡನೆಯದು ಕಾವಲು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿರುವ ಜಿಲ್ಲೆಯಲ್ಲಿ ನಿವೃತ್ತ ಯೋಧರು ಬಹಳ. ಬ್ಯಾಂಕಿನ ಕಾವಲುಗಾರನ ಕೆಲಸ ಹಿಡಿಯುವ ಮಾಜಿ ಸೈನಿಕನಿಗೆ ಪರವಾನಗಿ ಬಂದೂಕೇ ಅರ್ಹತಾಪತ್ರ. ನವೀಕರಣ ತಡವಾದರೆ ಸಂಬಳಕ್ಕೇ ಸಂಚಕಾರ.

ಬೆಳೆ ರಕ್ಷಣೆಯ ವಿಷಯದಲ್ಲಿ ಕಾನೂನಿನ ಒಳಗೇ ತೊಡಕಿದೆ. 1959ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಮೊದಲು ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಂದೂಕು. ಇನ್ನು ಬಂದೂಕು ಕೈಗೆ ಬಂದರೂ ಹಂದಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ಅಧಿಕೃತ ಅರಣ್ಯಾಧಿಕಾರಿಯ ಪ್ರತ್ಯೇಕ ಅನುಮತಿ ಬೇಕು. ಅನುಮತಿಯಿಲ್ಲದ ರೈತನ ಪಾಲಿಗೆ ಬಂದೂಕು ಉಳಿಯುವುದು ಬೆದರಿಸುವ ಸದ್ದಾಗಿ ಮಾತ್ರ. ಅಷ್ಟಕ್ಕೆ ಬಂದೂಕಿಗಿಂತ ಸೌರಬೇಲಿ ಹೆಚ್ಚು ಉಪಯುಕ್ತ, ಕಡಿಮೆ ಅಪಾಯಕಾರಿ.

ಚುನಾವಣಾ ಠೇವಣಿಯ ವಿಷಯವೂ ಹೀಗೆಯೇ. ಪ್ರತಿಯೊಂದು ಪರವಾನಗಿಯನ್ನೂ ಪರಿಶೀಲನಾ ಸಮಿತಿ ಪ್ರತ್ಯೇಕವಾಗಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆಯ ಆಶಯ. ಎಲ್ಲರ ಬಂದೂಕನ್ನೂ ಒಂದೇ ಆದೇಶದಲ್ಲಿ ಇಳಿಸಿಕೊಳ್ಳುವುದು ಆಡಳಿತಕ್ಕೆ ಸುಲಭ. ಹೊಲ ಕಾಯುವವನಿಗೂ ಪುಂಡಾಟಿಕೆಯ ಇತಿಹಾಸವಿರುವವನಿಗೂ ಅಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಮೂರು ತಾಲೂಕುಗಳ ಪರವಾನಗಿಯ ಮುದ್ರೆ ಬೆಳಗಾವಿಯಲ್ಲಿರುವುದರಿಂದ ಅಹವಾಲು ಹೇಳಿಕೊಳ್ಳಲೂ ದೂರ ಸಾಗಬೇಕು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಗೋಕಾಕ ಜಿಲ್ಲೆಯನ್ನು ಘೋಷಿಸಿ ಹಿಂತೆಗೆದುಕೊಂಡದ್ದರ ಹಲವು ಪರಿಣಾಮಗಳಲ್ಲಿ ಇದೂ ಒಂದು.

ಕರ್ನಾಟಕದ ಅನುಭವ ಏನು ಹೇಳುತ್ತದೆ?

ರಕ್ಷಣಾ ಉದ್ದಿಮೆ ನಾಗರಿಕ ಉತ್ಪನ್ನಗಳಿಗೆ ಕೈಹಾಕುವುದು ತಪ್ಪಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಆರಂಭವಾದ ವಿಮಾನ ಕಾರ್ಖಾನೆ ಮುಂದೆ ರೈಲು ಬೋಗಿಗಳನ್ನು ಕಟ್ಟಿತು. ಆ ವಿಭಾಗವೇ 1964ರಲ್ಲಿ ಬಿಇಎಂಎಲ್‌ಗೆ ತಳಹದಿಯಾಯಿತು. ರಾಡಾರ್ ತಯಾರಿಸುವ ಬಿಇಎಲ್, ಹೈದರಾಬಾದಿನ ಇಸಿಐಎಲ್ ಜೊತೆಗೆ ಮತಯಂತ್ರಗಳನ್ನೂ ತಯಾರಿಸುತ್ತದೆ. ಇವು ಸಾರ್ವಜನಿಕ ಅಗತ್ಯವನ್ನು ನೋಡಿ ಹುಟ್ಟಿದ ಉತ್ಪನ್ನಗಳು. ಹೆಚ್ಚು ಮಾರಾಟವಾದಷ್ಟೂ ಸಮಾಜಕ್ಕೆ ಹಿತ. ಬಂದೂಕಿನ ವಿಷಯದಲ್ಲಿ ಈ ಮಾತು ಹೇಳಲಾಗದು. ಹೆಚ್ಚು ಮಾರಾಟವಾದಷ್ಟೂ ಕಾನೂನಿನ ಆಶಯಕ್ಕೆ ಹಿನ್ನಡೆ.

ಆದ್ದರಿಂದ ಹೊಸ ಕಂಪನಿಗಳು ನಾಗರಿಕ ವಿಭಾಗವನ್ನು ಬೆಳೆಸಬೇಕಾದದ್ದು ಪರವಾನಗಿಯ ಹಂಗಿಲ್ಲದ ಕಡೆ. ಡೇರೆ, ಪಾದರಕ್ಷೆ, ರಕ್ಷಣಾ ಉಡುಪು, ದೂರದರ್ಶಕ, ಯಂತ್ರದ ಬಿಡಿಭಾಗಗಳಿಗೆ ಮಾರುಕಟ್ಟೆಯ ಮಿತಿಯಿಲ್ಲ. ನಾಗರಿಕ ಶಸ್ತ್ರಗಳ ಮಾರಾಟಕ್ಕೆ ಗುರಿ ನಿಗದಿಪಡಿಸದಿರುವುದು, ಅದರ ಲೆಕ್ಕವನ್ನು ವರ್ಷವರ್ಷವೂ ಪ್ರತ್ಯೇಕವಾಗಿ ಸಂಸತ್ತಿನ ಮುಂದಿಡುವುದು ಸರ್ಕಾರ ಮಾಡಬಹುದಾದ ಮೊದಲ ಕೆಲಸ. ಎರಡನೆಯದು ರಾಜ್ಯದ ಕೈಯಲ್ಲಿದೆ. ತಾಲೂಕುವಾರು ಪರವಾನಗಿಗಳ ಸಂಖ್ಯೆ, ತಿರಸ್ಕೃತ ಅರ್ಜಿಗಳ ಕಾರಣ, ಠೇವಣಿ ವಿನಾಯಿತಿಯ ವಿವರಗಳನ್ನು ಬಹಿರಂಗಪಡಿಸಿದರೆ ಅಧಿಕಾರಿಯ ವಿವೇಚನೆ ಮರ್ಜಿಯಾಗುವುದು ತಪ್ಪುತ್ತದೆ. ಹಂದಿ ಕಾಟದ ಹಳ್ಳಿಗಳಿಗೆ ಬೇಲಿಯ ಸಹಾಯಧನವೂ ಬೆಳೆಹಾನಿ ಪರಿಹಾರವೂ ಸಕಾಲಕ್ಕೆ ತಲುಪಿದರೆ ಬಂದೂಕಿನ ಅರ್ಜಿಗಳೇ ಇಳಿಯುತ್ತವೆ.

ಹಲಗಲಿಯ ಬೇಡರಿಂದ ಆಯುಧ ಕೇಳಿದ ಸರ್ಕಾರ ಪರಕೀಯರದು. ಅದು ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ. ಇಂದಿನ ಸರ್ಕಾರ ಜನರದ್ದೇ. ಬಂದೂಕು ಮಾರುವಾಗಲೂ, ನಿರಾಕರಿಸುವಾಗಲೂ, ಇಳಿಸಿಕೊಳ್ಳುವಾಗಲೂ ಅದು ಕಾರಣ ಹೇಳಲೇಬೇಕು.