ಪ್ರಶ್ನೆ ಕೇಳಿದವನನ್ನು ಮಠಕ್ಕೆ ಸೇರಿಸಿದ ಕಥೆ

‘ನೌ ಯು ಸೀ ಮಿ’ ಸರಣಿಯ ಮೂರನೆಯ ಚಿತ್ರ 2025ರ ನವೆಂಬರಿನಲ್ಲಿ ತೆರೆಗೆ ಬಂದದ್ದೇ ತಡ, ನಮ್ಮ ಭಾನುವಾರದ ಪುರವಣಿಗಳಿಗೆ ಎರಡನೆಯದರ ನೆನಪು ಉಕ್ಕಿ ಬಂತು. ಅವುಗಳಲ್ಲೊಂದು ಅರ್ಧ ಪುಟ ಖರ್ಚು ಮಾಡಿ ತೀರ್ಪು ಕೊಟ್ಟಿದೆ: 2016ರ ಆ ಚಿತ್ರದಲ್ಲಿ ಲಾಜಿಕ್ ಇಲ್ಲವಂತೆ, ಆದರೆ ಕೊನೆಯ ಟ್ವಿಸ್ಟ್ ಮಾತ್ರ ಭರ್ಜರಿಯಂತೆ. ಎರಡೂ ತಲೆಕೆಳಗು. ದರೋಡೆ ಸಿನಿಮಾದಲ್ಲಿ ಲಾಜಿಕ್ ಹುಡುಕುವವರು ಆಟಕ್ಕೆ ಹೋದಾಗ ಭೀಮನ ವೇಷ ಹೊತ್ತವನ ತೂಕವನ್ನೂ ಕೇಳಲಿ. ಆ ಚಿತ್ರದಲ್ಲಿ ನನಗೆ ಇಂದಿಗೂ ಸಹಿಸಲಾಗದ್ದು ಅವರು ಭರ್ಜರಿ ಎಂದು ಕರೆದ ಆ ಟ್ವಿಸ್ಟೇ.

ನಾಲ್ವರು ಜಾದೂಗಾರರು ಪ್ರೇಕ್ಷಕರ ಕಣ್ಣೆದುರೇ ಬ್ಯಾಂಕು ದೋಚುವ ಕಥೆ ಓದುಗರಿಗೆ ಗೊತ್ತಿದ್ದದ್ದೇ. ಅವರ ಬೆನ್ನ ಹಿಂದೆ ‘ಐ’ ಎಂಬ ಗುಪ್ತ ಸಂಘವಿದೆ. ಅದು ಆಯ್ದವರನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ನನಗೆ ಬೇಕಾದವನು ಥ್ಯಾಡಿಯಸ್ ಬ್ರಾಡ್ಲಿ, ಮಾರ್ಗನ್ ಫ್ರೀಮನ್ ಮಾಡಿದ ಪಾತ್ರ. ಒಂದು ಕಾಲದಲ್ಲಿ ತಾನೂ ಜಾದೂಗಾರನಾಗಿದ್ದು, ಈಗ ಇತರರ ಗುಟ್ಟುಗಳನ್ನು ಬಯಲು ಮಾಡಿ ದುಡ್ಡು ಎಣಿಸುವವನು. ಒಳ್ಳೆಯ ಮನುಷ್ಯ ಎಂದು ನಾನೇನೂ ಹೇಳುತ್ತಿಲ್ಲ. ಅವನು ಕೆಣಕಿದ ಜಾದೂಗಾರ ಲಯನೆಲ್ ಶ್ರೈಕ್ ತಿಜೋರಿಯೊಳಗೆ ಕೂತು ಈಸ್ಟ್ ನದಿಗಿಳಿದ, ಮೇಲೆ ಬರಲಿಲ್ಲ. ಲೂಯಿ ಲೆತೆರಿಯೆಯ 2013ರ ಮೊದಲ ಚಿತ್ರದ ಕೊನೆಯಲ್ಲಿ ಶ್ರೈಕನ ಮಗ, ಎಫ್‌ಬಿಐ ಅಧಿಕಾರಿಯ ವೇಷದಲ್ಲಿರುವ ಡಿಲನ್, ಕದ್ದ ಹಣವನ್ನು ಬ್ರಾಡ್ಲಿಯ ಕಾರಿನಲ್ಲಿ ತುಂಬಿಸಿ ಅವನನ್ನು ಜೈಲಿಗೆ ಕಳಿಸುತ್ತಾನೆ. ಮಾಡದ ಕಳ್ಳತನಕ್ಕೆ ಶಿಕ್ಷೆ, ಅದಕ್ಕೆ ನಮ್ಮ ಚಪ್ಪಾಳೆ.

ಅಲ್ಲಿಗೆ ಬಿಟ್ಟಿದ್ದರೆ ಸೇಡಿನ ಕಥೆ ಎಂದು ಒಪ್ಪಿಕೊಳ್ಳಬಹುದಿತ್ತು. ಎರಡನೆಯ ಭಾಗ ಮಾಡಿದ ಜಾನ್ ಚು ಬಿಡಲಿಲ್ಲ. ಮಕಾವು, ಲಂಡನ್ ಎಲ್ಲ ಸುತ್ತಾಡಿಸಿ ಕೊನೆಗೆ ಬ್ರಾಡ್ಲಿಯ ಬಾಯಲ್ಲಿ ಹೇಳಿಸಿದ್ದೇನೆಂದರೆ, ತಾನು ಶ್ರೈಕನ ಶತ್ರುವೇ ಅಲ್ಲ, ಜೊತೆಗಾರ. ಜಗಳವೆಲ್ಲ ಜನರ ಕಣ್ಣು ಬೇರೆ ಕಡೆ ತಿರುಗಿಸುವ ನಾಟಕ. ತಾನು ಮೊದಲಿನಿಂದಲೂ ‘ಐ’ನವನೇ. ಮೇಲೆ ಡಿಲನ್‌ಗೆ ಪಟ್ಟ ಬೇರೆ ಕಟ್ಟಿ ಹೋಗುತ್ತಾನೆ.

ಅಲ್ಲ ಸ್ವಾಮಿ, ಹೊರಗೆ ನಿಂತು ‘ಇದು ಹೇಗಾಯಿತು’ ಎಂದು ಕೇಳುತ್ತಿದ್ದ ಒಬ್ಬನೇ ಒಬ್ಬ ಇದ್ದ. ಅವನನ್ನೂ ಮಠದೊಳಗೆ ಎಳೆದುಕೊಂಡರೆ ಆ ಕಥೆಯಲ್ಲಿ ಇನ್ನು ಯಾರು ಉಳಿದರು? ಇಂಥ ಕಥೆಗಳಿಗೆ ನಮ್ಮ ಕಡೆ ಬರವಿಲ್ಲ. ಪರೀಕ್ಷೆ ಮಾಡಲು ಬಂದ ಪೊಲೀಸ್ ಅಧಿಕಾರಿ, ನಗಲು ಬಂದ ಡಾಕ್ಟರು, ಕೊನೆಗೆ ಬಾಬಾನ ಕಾಲಿಗೆ ಬಿದ್ದು ಕಣ್ಣೀರಿಟ್ಟರಂತೆ. ಅಂತೆ. ಆ ಅಧಿಕಾರಿಯ ಹೆಸರು ಯಾವ ಭಕ್ತನಿಗೂ ನೆನಪಿರುವುದಿಲ್ಲ. ಹಾಲಿವುಡ್ ಅದೇ ಕಥೆಯನ್ನು ಕೋಟಿಗಟ್ಟಲೆ ಡಾಲರ್ ಸುರಿದು ಹೇಳಿತು, ನಮ್ಮ ವಿಮರ್ಶಕರು ನಾಲ್ಕು ಸ್ಟಾರ್ ಕೊಟ್ಟರು.

ಜಾದೂಗಾರರ ನಿಜವಾದ ಚರಿತ್ರೆ ಇದಕ್ಕೆ ಪೂರಾ ಉಲ್ಟಾ. 1924ರಲ್ಲಿ ಹೂಡಿನಿ ಬೋಸ್ಟನ್ನಿನಲ್ಲಿ ಸತ್ತವರೊಂದಿಗೆ ಮಾತಾಡುವೆನೆಂದ ‘ಮಾರ್ಜರಿ’ಯನ್ನು ಪರೀಕ್ಷಿಸಲು ಮರದ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡು ಹೋಗಿದ್ದ, ತಲೆ ಕೈಗಳಷ್ಟೇ ಹೊರಗೆ ಬರುವಂಥದ್ದು. ಕತ್ತಲಲ್ಲಿ ಗಂಟೆ ಬಾರಿಸುವುದು ಪ್ರೇತವೋ ಕಾಲಿನ ಹೆಬ್ಬೆರಳೋ ಎಂದು ತಿಳಿಯುವುದಕ್ಕೆ ಪ್ರೊಫೆಸರರಿಗಿಂತ ಜಾದೂಗಾರನೇ ಬೇಕು. 1973ರಲ್ಲಿ ಚಮಚ ಬಾಗಿಸುವ ಯೂರಿ ಗೆಲ್ಲರ್ ಜಾನಿ ಕಾರ್ಸನ್ನನ ಟಿವಿ ಕಾರ್ಯಕ್ರಮಕ್ಕೆ ಬಂದದ್ದೂ ಹೀಗೆಯೇ. ಹುಡುಗನಾಗಿದ್ದಾಗ ಸ್ವತಃ ಜಾದೂ ಮಾಡಿಕೊಂಡಿದ್ದ ಕಾರ್ಸನ್ ಮೊದಲೇ ಜಾದೂಗಾರ ಜೇಮ್ಸ್ ರ‍್ಯಾಂಡಿಯನ್ನು ಕೇಳಿಕೊಂಡಿದ್ದ. ರ‍್ಯಾಂಡಿ ಹೇಳಿದ್ದಿಷ್ಟು: ಚಮಚ, ಡಬ್ಬಿ ಎಲ್ಲ ನಿಮ್ಮವೇ ಇರಲಿ, ಕಾರ್ಯಕ್ರಮಕ್ಕೆ ಮೊದಲು ಅವನ ಕಡೆಯವರು ಯಾರೂ ಅವುಗಳ ಹತ್ತಿರ ಸುಳಿಯದಿರಲಿ. ಕ್ಯಾಮೆರಾ ಓಡುತ್ತಿದೆ, ಗೆಲ್ಲರ್ ಡಬ್ಬಿಗಳ ಮೇಲೆ ಕೈಯಾಡಿಸುತ್ತಾನೆ, ಮಾತು ಬೆಳೆಸುತ್ತಾನೆ, ಇವತ್ತು ಶಕ್ತಿ ಸಾಲದು ಎನ್ನುತ್ತಾನೆ. ಕಾರ್ಸನ್ ಸುಮ್ಮನೆ ಕಾಯುತ್ತಾನೆ. ಇಪ್ಪತ್ತು ನಿಮಿಷಕ್ಕೂ ಮೀರಿ ಏನೂ ಆಗುವುದಿಲ್ಲ. ದರೋಡೆಯ ಯಾವ ಸಿನಿಮಾದಲ್ಲೂ ನಾನು ಅಷ್ಟು ಬಿಗಿಯಾದ ದೃಶ್ಯ ಕಂಡಿಲ್ಲ.

ಅದಾಗಿ ಮೂರು ವರ್ಷಕ್ಕೆ, 1976ರಲ್ಲಿ, ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದುಕೊಂಡೇ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು, ಪುಟ್ಟಪರ್ತಿಗೆ ಪತ್ರ ಬರೆದರು. ಸಾಯಿಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂಬ ಎಚ್ಚೆನ್ನರ ಸವಾಲು ಇವತ್ತಿಗೂ ಜನರ ಬಾಯಲ್ಲಿದೆ. ಭೌತಶಾಸ್ತ್ರದ ಮೇಷ್ಟ್ರು, ಆದರೆ ಜಾದೂಗಾರನ ಬುದ್ಧಿ: ಅಂಗಿಯ ತೋಳಿನಲ್ಲಿ ಯಾವುದು ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂಬ ಲೆಕ್ಕ. ಆ ಮನುಷ್ಯನ ಕುರಿತು ಸಿನಿಮಾ ಮಾಡಿ ಕೊನೆಯಲ್ಲಿ ‘ಅವರೂ ಒಳಗೊಳಗೇ ಭಕ್ತರಾಗಿದ್ದರು’ ಎಂದರೆ ನಮ್ಮ ಪುರವಣಿ ಅದನ್ನೂ ಭರ್ಜರಿ ಟ್ವಿಸ್ಟ್ ಎನ್ನುತ್ತದೆಯೆ?

ಬ್ರಾಡ್ಲಿ ಎಲ್ಲಿ, ಎಚ್ಚೆನ್ ಎಲ್ಲಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದೀರಿ ಎಂದು ಗೆಳೆಯರೊಬ್ಬರು ಪ್ರೂಫ್ ನೋಡುವಾಗಲೇ ತಗಾದೆ ತೆಗೆದರು. ನಿಜ, ವ್ಯತ್ಯಾಸವಿದೆ, ಅದೇ ನನ್ನ ವಾದ. ‘ಇದು ಆಟ, ನಿಮ್ಮನ್ನು ಮೋಸ ಮಾಡುತ್ತೇನೆ ನೋಡಿ’ ಎಂದು ಹೇಳಿಯೇ ಆಡುವವನ ಗುಟ್ಟು ಮಾರುವುದು ಅವನ ಅನ್ನ ಕಸಿದ ಹಾಗೆ. 1997ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್ಲು ಮುಖವಾಡದ ಜಾದೂಗಾರನೊಬ್ಬನನ್ನು ನಿಲ್ಲಿಸಿ ಮಾಡಿಸಿದ್ದು ಅದನ್ನೇ. ‘ಇದು ಆಟವೇ ಅಲ್ಲ’ ಎಂದು ಕೂತವನನ್ನು ಕೆದಕುವುದು ಬೇರೆ ಕೆಲಸ. ಬ್ರಾಡ್ಲಿ ಮೊದಲ ಜಾತಿಯವನು; ಅವನನ್ನು ಬೈಯಲು ಚಿತ್ರಕ್ಕೆ ಬೇಕಾದಷ್ಟು ಕಾರಣವಿತ್ತು. ಬೈಯುವುದನ್ನು ಬಿಟ್ಟು ದೀಕ್ಷೆ ಕೊಟ್ಟಿತು.

ಚಿತ್ರದಲ್ಲಿ ಒಂದು ದೃಶ್ಯ ಮಾತ್ರ ಚೆನ್ನಾಗಿದೆ, ಅದನ್ನೂ ಹೇಳಿಬಿಡುತ್ತೇನೆ. ಮಕಾವುವಿನ ಪ್ರಯೋಗಾಲಯದಲ್ಲಿ ಕದ್ದ ಕಂಪ್ಯೂಟರ್ ಚಿಪ್ಪನ್ನು ಜಾದೂಗಾರರು ಇಸ್ಪೀಟೆಲೆಗೆ ಅಂಟಿಸಿಕೊಂಡಿದ್ದಾರೆ, ಕಾವಲುಗಾರರು ಒಬ್ಬೊಬ್ಬರನ್ನೇ ತಡಕುತ್ತಿದ್ದಾರೆ. ಎಲೆ ಅಂಗೈಯಿಂದ ಕೈಯ ಹಿಂಬದಿಗೆ, ತೋಳಿನೊಳಕ್ಕೆ, ಒಬ್ಬರ ಬೆನ್ನ ಹಿಂದಿನಿಂದ ಇನ್ನೊಬ್ಬರ ಕೈಗೆ. ಎಲೆ ಎಲ್ಲಿದೆ ಎಂದು ನಮಗೆ ಗೊತ್ತು, ಕಾವಲುಗಾರನಿಗೆ ಗೊತ್ತಿಲ್ಲ. ಕಂಪ್ಯೂಟರಿನ ಕೈವಾಡ ಎದ್ದು ಕಾಣುತ್ತದೆ, ಹಾಗಿದ್ದರೂ ಅಷ್ಟು ಹೊತ್ತು ಚಿತ್ರ ಕೈಚಳಕವನ್ನು ಕಸುಬೆಂದು ಗೌರವಿಸುತ್ತದೆ. ಹ್ಯಾರಿ ಪಾಟರ್ ಪಾತ್ರ ಮಾಡಿದ ನಟನನ್ನೇ ಕರೆಸಿ, ಜಾದೂ ಬರದ ಖಳನನ್ನಾಗಿಸಿದ ತುಂಟತನವೂ ನನಗೆ ಇಷ್ಟವೇ.

ಕಸುಬು ಎಂದಾಗ ನಮ್ಮ ಅಂಗಳದ ಮಾತೂ ಬರುತ್ತದೆ. ಯಕ್ಷಗಾನಕ್ಕೆ, ಬಯಲಾಟಕ್ಕೆ, ಜಾನಪದಕ್ಕೆ ಬೇರೆ ಬೇರೆ ಅಕಾಡೆಮಿಗಳಿರುವ ರಾಜ್ಯದಲ್ಲಿ ಜಾದೂಗಾರ ಯಾವ ಬಾಗಿಲು ತಟ್ಟಬೇಕು? ವಿಚಾರವಾದಿಗಳು ಅವನನ್ನು ಕರೆಯುವುದು ‘ಪವಾಡ ಬಯಲು’ ಕಾರ್ಯಕ್ರಮಕ್ಕೆ ಮಾತ್ರ. ಎರಡು ಭಾಷಣಗಳ ನಡುವೆ ಇಪ್ಪತ್ತು ನಿಮಿಷ, ಬಾಯಲ್ಲಿ ಕರ್ಪೂರ, ತಲೆಯ ಮೇಲೆ ಬೆಂಕಿ, ಒಂದು ಶಾಲು. ಅವನಿಗೂ ಒಂದು ಪೂರ್ತಿ ಸಂಜೆ ಬೇಕು, ಬೆಳಕು ಬೇಕು, ಟಿಕೆಟ್ ಕೊಂಡ ಪ್ರೇಕ್ಷಕರು ಬೇಕು ಎಂದು ನಮ್ಮ ಪ್ರಗತಿಪರ ಬಳಗಕ್ಕೆ ಹೊಳೆಯುವುದೇ ಇಲ್ಲ. ಸಂಘಟಕರು ಮುನಿಸಿಕೊಳ್ಳುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ಸಂಚಿಕೆ ಇಂದ್ರಜಾಲ ಕುರಿತದ್ದು. ಹಳ್ಳಿಯ ಮೋಡಿ ಆಟದಿಂದ ಪಿ.ಸಿ. ಸರ್ಕಾರ್‌ವರೆಗೆ ಲೇಖನಗಳಿವೆ. ಈಗಲೂ ಊರೂರು ತಿರುಗಿ ಪ್ರದರ್ಶನ ಕೊಡುತ್ತಿರುವ ಕಲಾವಿದರ ಕೈಚಳಕದ ಗುಟ್ಟನ್ನು ಚಿತ್ರಸಮೇತ ವಿವರಿಸುವ ಬರಹಗಳೂ ಬಂದಿದ್ದವು, ಚೆನ್ನಾಗಿಯೂ ಇದ್ದವು, ಅಚ್ಚು ಹಾಕಿಲ್ಲ. ಬೂದಿ ಉದುರಿಸುವವರ ಗುಟ್ಟು ಬರೆದ ಲೇಖನವನ್ನು ಪೂರ್ತಿಯಾಗಿ, ಒಂದಕ್ಷರ ಕತ್ತರಿಸದೆ ಕೊಟ್ಟಿದ್ದೇವೆ.

— ಸಂಪಾದಕ