ಹೊಟ್ಟೆಹುಣ್ಣಿನ ಪಾಠ: ಒಂದು ತಿದ್ದುಪಡಿ

ಜಠರದ ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ನಾನು ಬಹುಕಾಲ ಪಾಠ ಹೇಳಿದ್ದೇನೆ. ಅದನ್ನು ಕೇಳಿದ ವಿದ್ಯಾರ್ಥಿಗಳು ದಯವಿಟ್ಟು ತಿದ್ದಿಕೊಳ್ಳಬೇಕು. ಅದೇ ನಂಬಿಕೆಯಿಂದ ನನ್ನ ಸೋದರಮಾವನವರು ಇಪ್ಪತ್ತು ವರ್ಷ ಬರೀ ಮೊಸರನ್ನ ಉಂಡರು; ಹುಣ್ಣು ಮಾತ್ರ ಮಾಯಲಿಲ್ಲ.

ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಕಂಡಿದ್ದರು. ಪ್ರಯೋಗಾಲಯದಲ್ಲಿ ಅದು ಬೆಳೆಯುತ್ತಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ, ಎರಡು ದಿನಕ್ಕೆ ಎಸೆಯಬೇಕಿದ್ದ ತಟ್ಟೆಗಳು ಹಾಗೆಯೇ ಉಳಿದವು; ಬ್ಯಾಕ್ಟೀರಿಯ ಬೆಳೆದಿತ್ತು. (ರಜೆಯಿಂದ ವಿದ್ಯೆ ಹಾಳೆಂದು ನಾನು ಗದರುತ್ತಿದ್ದುದು ನಿಮಗೆ ನೆನಪಿರಬಹುದು!) ಆದರೂ ವೈದ್ಯಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ನನಗೆ ವಿಷಯ ತಿಳಿದದ್ದೂ ಆಗಲೇ ಎನ್ನಲು ಸಂಕೋಚವಾಗುತ್ತದೆ.

ಇಂದಿಗೂ ನಮ್ಮ ಬಂಧುಗಳಲ್ಲಿ ಹಲವರು 'ಗ್ಯಾಸ್ಟ್ರಿಕ್' ಎನ್ನುತ್ತ ವರ್ಷಗಟ್ಟಲೆ ತಾವೇ ಗುಳಿಗೆ ಕೊಂಡು ನುಂಗುತ್ತಾರೆ. ಇದನ್ನು ನಾನು ಒಪ್ಪಲಾರೆ. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ತಿಳಿಯುತ್ತದೆ. ಸಾಮಾನ್ಯವಾಗಿ 14 ದಿನಗಳ ಆಂಟಿಬಯಾಟಿಕ್ ಚಿಕಿತ್ಸೆ ಇದೆ. ಅದನ್ನು ಅರ್ಧಕ್ಕೆ ಬಿಡಬಾರದು. ಬಿಟ್ಟರೆ ಔಷಧಕ್ಕೆ ಬಗ್ಗದ ಸೋಂಕು ಉಳಿದೀತು. ಮಂಡಿನೋವಿಗೆ ನುಂಗುವ ಗುಳಿಗೆಗಳೂ ಹುಣ್ಣು ತರಬಲ್ಲವು. ವೈದ್ಯರಿಗೆ ಅದನ್ನೂ ಹೇಳಿರಿ.